ಡಿಟೋನೇಟರ್: ಬಾವಿ ತೋಡಿಸುವ ರೈತರು ತಿಳಿದಿರಬೇಕಾದ ಸಂಗತಿಗಳು

ತೆರೆದ ಬಾವಿ ತೋಡುವಾಗ ಗಟ್ಟಿ ಬಂಡೆ ಎದುರಾದರೆ ಅದನ್ನು ಸಿಡಿಸಿ ತೆಗೆಯುವ ಪದ್ಧತಿ ನಮ್ಮ ಬಯಲುಸೀಮೆಯಲ್ಲಿ ಹಿಂದಿನಿಂದಲೂ ಇದೆ. ಬಂಡೆಯನ್ನು ಒಡೆಯುವುದು ಜಿಲೆಟಿನ್ ಕಡ್ಡಿ. ಆ ಕಡ್ಡಿಯನ್ನು ಸಿಡಿಯುವಂತೆ ಮಾಡುವುದು ಡಿಟೋನೇಟರ್. ನೋಟಕ್ಕೆ ಇದು ಬೆರಳುದ್ದದ, ಪೆನ್ಸಿಲಿನಷ್ಟು ದಪ್ಪದ ಲೋಹದ ಕೊಳವೆ. ಒಂದು ತುದಿ ಮುಚ್ಚಿದ್ದು, ಇನ್ನೊಂದು ತುದಿಯಿಂದ ಸಾಮಾನ್ಯವಾಗಿ ಬಣ್ಣದ ತಂತಿ ಅಥವಾ ಪ್ಲಾಸ್ಟಿಕ್ ನಳಿಕೆ ಹೊರಬಂದಿರುತ್ತದೆ.

1860ರ ದಶಕದಲ್ಲಿ ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಈ ಸಾಧನವನ್ನು ರೂಪಿಸಿದ ಮೇಲೆ, ಮುಖ್ಯ ಸ್ಫೋಟಕವನ್ನು ಸುಲಭವಾಗಿ ಸಿಡಿಯದಂತೆ ತಯಾರಿಸುವುದು ಸಾಧ್ಯವಾಯಿತು. ಆದರೆ ಡಿಟೋನೇಟರಿನ ಒಳಗಿರುವ ಮದ್ದು ಅತಿಸೂಕ್ಷ್ಮವಾದುದು. ಪೆಟ್ಟು, ಉಜ್ಜುವಿಕೆ, ಶಾಖ ಇವುಗಳಲ್ಲಿ ಯಾವುದರಿಂದಲೂ ಅದು ಸಿಡಿಯಬಹುದು. ವಿದ್ಯುತ್ ಮಾದರಿಯದಾದರೆ ಮಿಂಚು ಅಥವಾ ಪಂಪ್‌ಸೆಟ್ಟಿನ ಸೋರಿಕೆ ವಿದ್ಯುತ್ತೂ ಸಾಕು. ಜಿಲೆಟಿನ್ ಇಲ್ಲದೆ ಇದೊಂದೇ ಸಿಡಿದರೂ ಕೈಬೆರಳು, ಕಣ್ಣು ಹೋಗುತ್ತವೆ.

ಡಿಟೋನೇಟರ್ ಇಲ್ಲದೆ ಜಿಲೆಟಿನ್ ಕಡ್ಡಿ ಬಹುಮಟ್ಟಿಗೆ ನಿರುಪಯುಕ್ತ. ದುಷ್ಕೃತ್ಯ ಎಸಗುವವರು ಮೊದಲು ಹುಡುಕುವುದೂ ಇದನ್ನೇ. ಆದ್ದರಿಂದಲೇ 1884ರ ಸ್ಫೋಟಕಗಳ ಕಾಯಿದೆ ಹಾಗೂ 2008ರ ನಿಯಮಗಳ ಅನ್ವಯ ಪರವಾನಗಿಯಿಲ್ಲದೆ ಇದನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಜಿಲೆಟಿನ್ ಜೊತೆಯಲ್ಲಿ ಒಂದೇ ಕಡೆ ಕೂಡಿಡುವುದೂ ನಿಷಿದ್ಧ. ಸಂಶಯಾಸ್ಪದ ಸನ್ನಿವೇಶದಲ್ಲಿ ದೊರೆತರೆ 1908ರ ಸ್ಫೋಟಕ ವಸ್ತುಗಳ ಕಾಯಿದೆಯಡಿ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿಯೂ, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿಯೂ ಕಲ್ಲುಗಣಿಗಳಿಗೆಂದು ತಂದಿದ್ದ ಸ್ಫೋಟಕಗಳು ಸಿಡಿದು ಆದ ಸಾವುಗಳನ್ನು ಓದುಗರು ಮರೆತಿರಲಾರರು.

ಬಾವಿಯ ಕೆಲಸವನ್ನು ಒಪ್ಪಿಸುವ ಮುನ್ನ ಗುತ್ತಿಗೆದಾರರ ಪರವಾನಗಿಯನ್ನೂ ಸಿಡಿಸುವವರ ಅನುಮತಿ ಪತ್ರವನ್ನೂ ಕೇಳಿ ನೋಡಿರಿ. ಕೇಳಲು ಸಂಕೋಚಪಡಬೇಕಾಗಿಲ್ಲ. ಸಂಜೆ ಕೆಲಸ ಮುಗಿದಾಗ ‘ನಾಲ್ಕು ಉಳಿದಿವೆ, ನಾಳೆಗೆ ನಿಮ್ಮಲ್ಲೇ ಇರಲಿ’ ಎಂಬ ಮಾತು ಬರುವುದುಂಟು. ಒಪ್ಪದಿರಿ. ಕೊಟ್ಟಿಗೆಯ ಅಟ್ಟವಾಗಲಿ, ಪಂಪ್‌ಮನೆಯಾಗಲಿ ಅವುಗಳಿಗೆ ತಕ್ಕ ಜಾಗವಲ್ಲ.

ಹಳೆಯ ಬಾವಿಯಿಂದ ತೆಗೆದ ಕಲ್ಲುಮಣ್ಣಿನ ಗುಡ್ಡೆಯಲ್ಲಿ, ಉಳುಮೆಯ ವೇಳೆ ಹೊಲದಲ್ಲಿ ಸಿಡಿಯದೆ ಉಳಿದ ಡಿಟೋನೇಟರ್ ಕಾಣಿಸಬಹುದು. ಎಷ್ಟೇ ಹಳೆಯದಾಗಿದ್ದರೂ, ಮಣ್ಣಿನಲ್ಲಿ ನೆನೆದಿದ್ದರೂ ಅದು ಸತ್ತಿದೆ ಎಂದು ಭಾವಿಸಬೇಡಿ. ಮುಟ್ಟುವುದು, ತಂತಿ ಎಳೆಯುವುದು, ಬೆಂಕಿಗೆ ಅಥವಾ ನೀರಿಗೆ ಎಸೆಯುವುದು ಕೂಡದು. ಟ್ರ್ಯಾಕ್ಟರ್ ನಿಲ್ಲಿಸಿ, ಮಕ್ಕಳನ್ನೂ ದನಕರುಗಳನ್ನೂ ದೂರವಿರಿಸಿ, ಯಾರೂ ಹತ್ತಿರ ಸುಳಿಯದಂತೆ ಒಬ್ಬರನ್ನು ದೂರದಲ್ಲಿ ಕಾವಲಿಗೆ ನಿಲ್ಲಿಸಿ. ಅಲ್ಲಿಂದ ಸಾಕಷ್ಟು ದೂರ ಹೋದ ಮೇಲೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ.