ವಿಳಾಸ ಇದ್ದವನೇ ಸಾಹುಕಾರ

ಇವತ್ತು ಯಾವ ಊರಿಗೆ ಹೋದರೂ ನೋಡಿ, ಬೇಕರಿಗೂ ಇನ್‌ಸ್ಟಾಗ್ರಾಂ ಪೇಜ್ ಇದೆ, ಸೀರೆ ಅಂಗಡಿಗೂ ರೀಲ್ಸ್ ಇದೆ. "ನಮಗೆ ಇಪ್ಪತ್ತು ಸಾವಿರ ಫಾಲೋವರ್ಸ್ ಇದ್ದಾರೆ ಸರ್" ಅಂತ ಮಾಲೀಕರು ಹೆಮ್ಮೆಯಿಂದ ಹೇಳ್ತಾರೆ. ಸಂತೋಷ. ಆದರೆ ಒಂದೇ ಒಂದು ಪ್ರಶ್ನೆ. ನಾಳೆ ಬೆಳಗ್ಗೆ ಆ ಪೇಜ್ ಮಾಯವಾದರೆ, ಆ ಇಪ್ಪತ್ತು ಸಾವಿರದಲ್ಲಿ ಎಷ್ಟು ಜನಕ್ಕೆ ನೀವು ಒಂದು ಮಾತು ತಲುಪಿಸಬಲ್ಲಿರಿ? ನಿಮ್ಮ ಗಿರಾಕಿಯ ವಿಳಾಸ ನಿಮ್ಮ ಹತ್ತಿರ ಇದೆಯೋ, ಇನ್ಯಾರದೋ ಹತ್ತಿರ ಇದೆಯೋ? ಈ ಪ್ರಶ್ನೆ ಹೊಸದಲ್ಲ. ಇದರ ಹಿಂದೆ ನಾಲ್ಕು ದಶಕಕ್ಕೂ ಮಿಕ್ಕಿದ ಇತಿಹಾಸ ಇದೆ.

1978ರ ಮೇ 3. ಅಮೆರಿಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಅನ್ನೋ ಕಂಪ್ಯೂಟರ್ ಕಂಪನಿ. ಅಲ್ಲಿನ ಮಾರ್ಕೆಟಿಂಗ್ ಅಧಿಕಾರಿ ಗ್ಯಾರಿ ಥರ್ಕ್. ಪಶ್ಚಿಮ ಕರಾವಳಿಯವರಿಗೆ ಹೊಸ ಕಂಪ್ಯೂಟರ್ ತೋರಿಸಬೇಕಿತ್ತು. ಒಬ್ಬೊಬ್ಬರಿಗೂ ಪತ್ರ ಯಾಕೆ ಬರೀಬೇಕು ಅಂತ ಯೋಚಿಸಿದ. ಆಗಿನ್ನೂ ಇಂಟರ್‌ನೆಟ್ ಇಲ್ಲ, ಅದರ ತಾತ ಅರ್ಪಾನೆಟ್ ಇತ್ತು. ಅದನ್ನು ನಡೆಸುತ್ತಿದ್ದದ್ದು ಅಮೆರಿಕದ ರಕ್ಷಣಾ ಇಲಾಖೆ. ಅಚ್ಚಾದ ಡೈರೆಕ್ಟರಿಯಿಂದ ಸುಮಾರು 400 ವಿಳಾಸ ಟೈಪ್ ಮಾಡಿಸಿ ಒಂದೇ ಏಟಿಗೆ ಮೇಲ್ ಕಳಿಸಿಬಿಟ್ಟ. ವಿಳಾಸಗಳ ಪಟ್ಟಿ ಎಷ್ಟು ಉದ್ದ ಆಯಿತೆಂದರೆ, ಮೀಸಲಿಟ್ಟ ಜಾಗ ತುಂಬಿ ಮಿಕ್ಕ ವಿಳಾಸಗಳು ಪತ್ರದ ಒಳಗೇ ಚೆಲ್ಲಿಕೊಂಡವು.

ಬೈಗುಳ ಬಿತ್ತು. ಸರ್ಕಾರಿ ಜಾಲದಲ್ಲಿ ವ್ಯಾಪಾರ ಮಾಡ್ತೀಯಾ ಅಂತ ಎಚ್ಚರಿಕೆಯೂ ಬಂತು. ಆದರೆ ಮುಂದೆ ಥರ್ಕ್ ಹೇಳಿಕೊಂಡ ಪ್ರಕಾರ, ಆ ಒಂದು ಮೇಲ್‌ನಿಂದ ಆದ ವ್ಯಾಪಾರ ಕೋಟಿ ಡಾಲರ್‌ಗೂ ಹೆಚ್ಚು! ಅವತ್ತೇ ಎರಡು ಪಾಠ ಹುಟ್ಟಿದವು. ಒಂದು, ವಿಳಾಸದ ಪಟ್ಟಿ ಅಂದರೆ ದುಡ್ಡು. ಎರಡು, ಕರೆಯದ ಮನೆಗೆ ನುಗ್ಗಿದರೆ ಬೈಗುಳ ಖಂಡಿತ. ಮೊದಲನೆಯ ಪಾಠವನ್ನು ಎಲ್ಲರೂ ಕಲಿತರು. ಎರಡನೆಯದನ್ನು ಇನ್ನೂ ಕಲಿತಾ ಇದ್ದಾರೆ.

ಈಗ 1996ಕ್ಕೆ ಬನ್ನಿ. ಇಲ್ಲಿ ನಮ್ಮ ಬೆಂಗಳೂರಿನ ನಂಟು ಇದೆ. ಸಬೀರ್ ಭಾಟಿಯಾ, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ ಓದಿದ ಹುಡುಗ. ಪಿಲಾನಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದ. ಸಹೋದ್ಯೋಗಿ ಜ್ಯಾಕ್ ಸ್ಮಿತ್ ಜೊತೆ ಸೇರಿ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಹಾಟ್‌ಮೇಲ್ ಶುರು ಮಾಡಿದ. ಪುಕ್ಕಟೆ ಇಮೇಲ್. ಆದರೆ ಪುಕ್ಕಟೆ ಇದೆ ಅಂತ ಜನಕ್ಕೆ ಹೇಳೋದು ಹೇಗೆ? ಜಾಹೀರಾತಿಗೆ ಸುರಿಯುವಷ್ಟು ದುಡ್ಡಿಲ್ಲ.

ಬಂಡವಾಳ ಹಾಕಿದ್ದ ಟಿಮ್ ಡ್ರೇಪರ್ ಒಂದು ಉಪಾಯ ಕೊಟ್ಟ. ಪ್ರತಿಯೊಬ್ಬರೂ ಕಳಿಸುವ ಪ್ರತಿ ಪತ್ರದ ಕೊನೆಗೆ ಒಂದು ಸಾಲು ಸೇರಿಸಿ, ನಿಮಗೂ ಪುಕ್ಕಟೆ ಇಮೇಲ್ ಬೇಕಾದರೆ ಹಾಟ್‌ಮೇಲ್‌ಗೆ ಬನ್ನಿ ಅಂತ. ಬೇರೆಯವರ ಪತ್ರದಲ್ಲಿ ನಮ್ಮ ಜಾಹೀರಾತಾ ಅಂತ ಸಂಸ್ಥಾಪಕರಿಗೆ ಮೊದಲು ಹಿಂಜರಿಕೆ. ಕೊನೆಗೆ ಒಪ್ಪಿದರು. ಮಗ ಅಮ್ಮನಿಗೆ ಬರೆದ ಪತ್ರದಲ್ಲೂ ಆ ಸಾಲು, ಗೆಳತಿ ಗೆಳತಿಗೆ ಬರೆದ ಪತ್ರದಲ್ಲೂ ಆ ಸಾಲು. ಆರು ತಿಂಗಳಲ್ಲಿ 10 ಲಕ್ಷ ಜನ ಸೇರಿದರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್‌ಗೆ ಕೊಂಡಾಗ ಬಳಕೆದಾರರು 85 ಲಕ್ಷ ದಾಟಿದ್ದರು.

ಇದನ್ನು ಸ್ವಲ್ಪ ಗಮನಿಸಿ. ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಇಮೇಲ್ ಸೋಷಿಯಲ್ ಮೀಡಿಯಾದ ಕೆಲಸ ಮಾಡಿಬಿಟ್ಟಿತ್ತು. ಒಬ್ಬರಿಂದ ಒಬ್ಬರಿಗೆ, ಪರಿಚಯದ ಬಲದಿಂದ. ಕಂಪನಿ ಹೇಳಿದರೆ ಜಾಹೀರಾತು; ಸ್ನೇಹಿತ ಹೇಳಿದರೆ ಶಿಫಾರಸು. ಅಷ್ಟೇ ವ್ಯತ್ಯಾಸ.

ಈ ಎರಡನ್ನೂ ಉದ್ದೇಶಪೂರ್ವಕವಾಗಿ ಒಂದೇ ನೊಗಕ್ಕೆ ಕಟ್ಟಿದ ಕಂಪನಿ ಗ್ರೂಪಾನ್. 2008, ಶಿಕಾಗೊ. ಜಗತ್ತು ಆರ್ಥಿಕ ಕುಸಿತದಲ್ಲಿತ್ತು. ಹೋಟೆಲು, ಸಲೂನು ಖಾಲಿ ಹೊಡೀತಿದ್ದವು. ಆಂಡ್ರ್ಯೂ ಮೇಸನ್ ಅನ್ನೋ ಯುವಕ ತನ್ನ ಆಫೀಸಿದ್ದ ಕಟ್ಟಡದ ನೆಲಮಹಡಿಯ ಬಾರ್‌ನಿಂದಲೇ ಶುರು ಮಾಡಿದ. ಒಂದು ಪಿಜ್ಜಾ ಬೆಲೆಗೆ ಎರಡು. ಸೂತ್ರ ಸರಳ. ದಿನಾ ಬೆಳಗ್ಗೆ ಊರಿನ ಜನಕ್ಕೆ ಒಂದು ಮೇಲ್, ಅದರಲ್ಲಿ ಒಂದೇ ಆಫರ್. ಆದರೆ ಇಷ್ಟು ಜನ ಸೇರಿದರೆ ಮಾತ್ರ ಆಫರ್ ಊರ್ಜಿತ, ಇಲ್ಲದಿದ್ದರೆ ಯಾರಿಗೂ ಇಲ್ಲ. ಹಾಗಾಗಿ ಮೇಲ್ ಸಿಕ್ಕವನು ಏನು ಮಾಡ್ತಾನೆ? ಫೇಸ್‌ಬುಕ್, ಟ್ವಿಟರ್‌ನಲ್ಲಿ ಡಂಗುರ ಹೊಡೀತಾನೆ, ಬನ್ರಪ್ಪಾ ಬನ್ನಿ ಅಂತ. ಸ್ನೇಹಿತನನ್ನು ಕರೆತಂದರೆ 10 ಡಾಲರ್ ಬಹುಮಾನ ಬೇರೆ. ಮೇಲ್ ಕಿಡಿ ಹಚ್ಚಿತು, ಸೋಷಿಯಲ್ ಮೀಡಿಯಾ ಗಾಳಿ ಊದಿತು. ಹೊಸದಾಗಿ ಬಂದವರೆಲ್ಲ ಮತ್ತೆ ಮೇಲ್ ಪಟ್ಟಿಗೆ.

2010ರ ಕೊನೆಗೆ ಗೂಗಲ್ ಸುಮಾರು 600 ಕೋಟಿ ಡಾಲರ್ ಕೊಡ್ತೀನಿ ಅಂದರೂ ಗ್ರೂಪಾನ್ ಒಲ್ಲೆ ಅಂತು. 2011ರ ಮಾರ್ಚ್ ವೇಳೆಗೆ ಅದರ ಮೇಲ್ ಪಟ್ಟಿಯಲ್ಲಿದ್ದವರು 8 ಕೋಟಿಗೂ ಹೆಚ್ಚು. ಭಾರತಕ್ಕೂ ಬಂತು. 2013ರಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿತ್ತಲ್ಲ, ನೆನಪಿದೆಯಾ? ಆಗ ಗ್ರೂಪಾನ್ ಇಂಡಿಯಾ ಕೆಜಿಗೆ 9 ರೂಪಾಯಿ ಅಂತ ಈರುಳ್ಳಿ ಮಾರಿತು. ಜನ ಮುಗಿಬಿದ್ದ ಭರಾಟೆಗೆ ವೆಬ್‌ಸೈಟೇ ಕುಸೀತು. ಆ ಬೆಲೆಗೆ ಮಾರಿದರೆ ನಷ್ಟ ತಾನೇ? ಈರುಳ್ಳಿಯಲ್ಲಿ ನಷ್ಟ, ನಿಜ. ಆದರೆ ಬಂದವರ ಹೆಸರು, ವಿಳಾಸ ಸಿಕ್ತಲ್ಲ!

ಈಗ ನಾಣ್ಯದ ಇನ್ನೊಂದು ಮುಖ ನೋಡಿ. 100 ಡಾಲರ್ ಊಟ ಗಿರಾಕಿಗೆ 50ಕ್ಕೆ. ಆ 50ರಲ್ಲಿ ಹೆಚ್ಚುಕಡಿಮೆ ಅರ್ಧ ಗ್ರೂಪಾನ್‌ಗೆ. ಹೋಟೆಲಿನವನ ಕೈಗೆ ಬಂದದ್ದು 25. ಪೋರ್ಟ್‌ಲ್ಯಾಂಡ್ ನಗರದ ಒಂದು ಪುಟ್ಟ ಕಾಫಿ ಅಂಗಡಿಯ ಒಡತಿ 2010ರಲ್ಲಿ ತನ್ನ ಕಷ್ಟ ಬಹಿರಂಗವಾಗಿ ಬರೆದುಕೊಂಡಳು. ಕೂಪನ್ ಹಿಡಿದವರ ದಂಡು ಬಂತು, ಗಲ್ಲಾ ತುಂಬಲಿಲ್ಲ. ಸಂಬಳ, ಬಾಡಿಗೆಗೆ ಸ್ವಂತ ಉಳಿತಾಯದಿಂದ ಸುಮಾರು 8 ಸಾವಿರ ಡಾಲರ್ ಹಾಕಬೇಕಾಯಿತು ಅಂತ.

ನನ್ನ ಪ್ರಕಾರ ದೊಡ್ಡ ನಷ್ಟ ಆ ದುಡ್ಡಲ್ಲ. ಅಷ್ಟು ಜನ ಅಂಗಡಿಗೆ ಬಂದರು, ಕಾಫಿ ಕುಡಿದರು, ಹೋದರು. ಅವರ ವಿಳಾಸ ಯಾರ ಹತ್ತಿರ ಉಳೀತು? ಗ್ರೂಪಾನ್ ಹತ್ತಿರ. ಮಾರನೇ ದಿನ ಅದೇ ವಿಳಾಸಕ್ಕೆ ಪಕ್ಕದ ಬೀದಿಯ ಅಂಗಡಿಯ ಆಫರ್ ಹೋಯಿತು. ಅಡುಗೆ ಮಾಡಿದವಳು ಒಬ್ಬಳು, ಬೀಗರನ್ನು ಸಂಪಾದಿಸಿದವನು ಇನ್ನೊಬ್ಬ!

ಹಾಗಂತ ಗ್ರೂಪಾನ್ ಉದ್ಧಾರ ಆಯಿತಾ? 2011ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದಾಗ ಸಾವಿರ ಕೋಟಿ ಡಾಲರ್‌ಗೂ ಮಿಕ್ಕಿ ಬೆಲೆ ಬಾಳ್ತಿದ್ದ ಕಂಪನಿ, 2013ರ ಫೆಬ್ರವರಿಯಲ್ಲಿ ಮೇಸನ್‌ನನ್ನೇ ಕೆಲಸದಿಂದ ತೆಗೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಜಿಮೇಲ್ ಹೊಸ ವ್ಯವಸ್ಥೆ ತಂತು, ಜಾಹೀರಾತಿನ ಮೇಲ್‌ಗಳೆಲ್ಲ ಬೇರೆ ಕಪಾಟಿಗೆ. ದಿನಾ ಬಾಗಿಲು ಬಡಿಯುವವನಿಗೆ ಪ್ರತ್ಯೇಕ ಜಗಲಿ ಅಂತಾರಲ್ಲ, ಹಾಗೆ. ಪಟ್ಟಿ ಇದ್ದರೆ ಸಾಲದು, ಪಟ್ಟಿಯಲ್ಲಿರುವವನಿಗೆ ನಿಮ್ಮ ಪತ್ರ ಬೇಕು ಅನ್ನಿಸಬೇಕು. 1978ರ ಎರಡನೇ ಪಾಠ ಅದೇ ಅಲ್ಲವೇ?

ಸೋಷಿಯಲ್ ಮೀಡಿಯಾ ಕಡೆಯದ್ದೂ ಇದೇ ಕಥೆ. ಒಂದು ಪೇಜ್ ಹಾಕುವ ಪೋಸ್ಟ್ ಸರಾಸರಿ ಅದರ ಅಭಿಮಾನಿಗಳಲ್ಲಿ ಶೇ. 16 ಜನಕ್ಕೆ ಮಾತ್ರ ತಲುಪುತ್ತೆ ಅಂತ 2012ರಲ್ಲಿ ಫೇಸ್‌ಬುಕ್ಕೇ ಹೇಳಿತ್ತು. 2014ರ ಹೊತ್ತಿಗೆ ಒಗಿಲ್ವಿ ಜಾಹೀರಾತು ಸಂಸ್ಥೆಯ ಲೆಕ್ಕದಲ್ಲಿ ಅದು ಶೇ. 6ರ ಆಸುಪಾಸು. ಉಳಿದವರಿಗೂ ತಲುಪಬೇಕಾ? ದುಡ್ಡು ಕೊಡಿ. 2020ರ ಜೂನ್ 29ರಂದು ನಮ್ಮ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ನಿರ್ಧಾರದ ಸರಿ ತಪ್ಪು ಬೇರೆ ಚರ್ಚೆ. ಆದರೆ ಅದನ್ನೇ ನಂಬಿ ಅಂಗಡಿ ಇಟ್ಟಿದ್ದವರ ಪಾಡು? ಗಿರಾಕಿ ಎಲ್ಲೂ ಹೋಗಿರಲಿಲ್ಲ, ಗಿರಾಕಿಯ ಮನೆಯ ದಾರಿ ಹೋಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಮಲಗಿದವು. ಮೂರಕ್ಕೂ ಯಜಮಾನ ಒಬ್ಬನೇ.

ಹಾಗಾದರೆ ಸೋಷಿಯಲ್ ಮೀಡಿಯಾ ಬಿಡಬೇಕಾ? ಖಂಡಿತಾ ಬೇಡ. ಅದು ಜಾತ್ರೆ. ಜಾತ್ರೆಯಲ್ಲಿ ಅಂಗಡಿ ಹಾಕಲೇಬೇಕು, ಜನ ಸಿಗೋದೇ ಅಲ್ಲಿ. ಆದರೆ ಜಾತ್ರೆ ಮುಗಿದ ಮೇಲೆ ತೇರು ನಿಲ್ಲುತ್ತೆ, ಜನ ಊರಿಗೆ ಹೋಗ್ತಾರೆ. ಅಷ್ಟರೊಳಗೆ ಅವರ ವಿಳಾಸ ಕೇಳಿ ಬರೆದುಕೊಳ್ಳಬೇಕು. ಅದೂ ಒಪ್ಪಿಗೆ ಪಡೆದು. ಬೇಡ ಅಂದವರ ಹೆಸರು ಮರುಮಾತಿಲ್ಲದೆ ಹೊಡೆದುಹಾಕಿ. ಬರೆಯುವಾಗ ಬರೀ ಡಿಸ್ಕೌಂಟ್ ಬೇಡ, ಉಪಯೋಗಕ್ಕೆ ಬರುವ ಮಾತು ನಾಲ್ಕು ಇರಲಿ. ಆ ಮಾತು ಹಿಡಿಸಿದರೆ ಗಿರಾಕಿಯೇ ಅದನ್ನು ತನ್ನ ನಾಲ್ಕು ಜನಕ್ಕೆ ಹಂಚುತ್ತಾನೆ. ಹಾಟ್‌ಮೇಲ್ ಬೆಳೆದದ್ದು ಹಾಗೇ.

ನಮ್ಮಲ್ಲಿ ಇಮೇಲ್ ತೆರೆಯದವರೂ ತುಂಬಾ ಜನ. ಅವರದ್ದು ಫೋನ್ ನಂಬರ್ ಇರಲಿ. ಆದರೆ ಅದು ಯಾವುದೋ ಆ್ಯಪ್‌ನ ಹೊಟ್ಟೆಯೊಳಗೆ ಮಾತ್ರ ಇರೋದು ಬೇಡ, ನಿಮ್ಮದೇ ಒಂದು ಪುಸ್ತಕದಲ್ಲೂ ಇರಲಿ. ನಮ್ಮ ಹಳೇ ಕಿರಾಣಿ ಅಂಗಡಿಯ ಶೆಟ್ಟರಿಗೆ ಈ ಮಾತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರ ಮನೆಯಲ್ಲಿ ಎಷ್ಟು ಜನ, ಯಾವಾಗ ಮದುವೆ, ಯಾರಿಗೆ ಯಾವ ಅಕ್ಕಿ, ಎಲ್ಲ ಅವರ ಪುಸ್ತಕದಲ್ಲಿ, ಇಲ್ಲವೇ ತಲೆಯಲ್ಲಿ ಇರುತ್ತಿತ್ತು. ಬೀದಿ ಅಗಲವಾದರೂ, ಅಂಗಡಿ ಬೇರೆ ಕಡೆಗೆ ಹೋದರೂ ಅವರ ಗಿರಾಕಿ ಅವರನ್ನು ಹುಡುಕಿಕೊಂಡು ಬರುತ್ತಿದ್ದ. ಫಾಲೋವರ್ಸ್ ಎಷ್ಟು ಅಂತ ಆಮೇಲೆ ಎಣಿಸೋಣ. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ, ನಿಮ್ಮ ಪುಸ್ತಕದಲ್ಲಿ ಎಷ್ಟು ಹೆಸರಿದೆ ಅಂತ ಒಮ್ಮೆ ಎಣಿಸಿ ನೋಡಿ.