ಕಂಪ್ಯೂಟರ್ ‘ಮೆಮೊರಿ ಕಡಿಮೆ’ ಅಂತಿದೆಯಾ? ಫಾರ್ಮ್ಯಾಟ್ ಹೊಡೆಸೋ ಮುಂಚೆ ಇಷ್ಟು ನೋಡ್ರಿ

ಇಳಕಲ್: ಗಿರಾಕಿ ಹತ್ತು ಸೀರೆ ಆರಿಸಿಟ್ಟು ಬಿಲ್ಲಿಗೆ ಕಾಯ್ತಾ ಕೂತಿದ್ದರು. ಪರದೆ ಮೇಲೆ ‘ಯುವರ್ ಕಂಪ್ಯೂಟರ್ ಈಸ್ ಲೋ ಆನ್ ಮೆಮೊರಿ’ ಅಂತ ಬಂತು, ಟ್ಯಾಲಿ ಅಲ್ಲೇ ನಿಂತಿತು. ಇತ್ತೀಚೆಗೆ ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದು. ರಿಪೇರಿಗೆ ಬಂದ ಹುಡುಗ ಎರಡೇ ಮಾತು ಹೇಳಿದ: “ಫಾರ್ಮ್ಯಾಟ್ ಹೊಡೀಬೇಕ್ರಿ, ಇಲ್ಲಾಂದ್ರ ಹೊಸಾದು ತಗೋರಿ.” ಸಾವಕಾರ್ರು ಹೂಂ ಅಂದೇ ಬಿಟ್ಟಿದ್ದರು. ಆ ಡಬ್ಬಿಯೊಳಗೆ ಐದಾರು ವರ್ಷದ ಜಿಎಸ್‌ಟಿ ಲೆಕ್ಕ ಇತ್ತು, ಬೇರೆಲ್ಲೂ ನಕಲು ಇರಲಿಲ್ಲ.

ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು, ಅಂದ್ರೆ ಆರು ವರ್ಷ, ಇಟ್ಟುಕೊಂಡಿರಬೇಕು. ಫಾರ್ಮ್ಯಾಟ್‌ನಲ್ಲಿ ಹೋಯ್ತು ಅಂದ್ರೆ ಯಾರೂ ಕೇಳಲ್ಲ. ಅದಕ್ಕೇ ಮೊದಲ ಕೆಲಸ ಇದು: ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಯಾವ ಫೋಲ್ಡರ್‌ನಲ್ಲಿದೆ ಅಂತ ತೋರಿಸುತ್ತೆ, ಆ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮನೆ ಕಂಪ್ಯೂಟರ್ ಆದ್ರೆ ಫೋಟೊ, ಮಾರ್ಕ್ಸ್ ಕಾರ್ಡ್, ನುಡಿಯಲ್ಲಿ ಟೈಪ್ ಮಾಡಿದ ಕಾಗದಪತ್ರ. ಇದಾದ ಮೇಲೇ ಉಳಿದದ್ದು.

ನಮ್ಮ ಕಡೆ ಎಲ್ಲಾದಕ್ಕೂ ‘ಮೆಮೊರಿ ಫುಲ್’ ಅಂತೀವಿ. ಡಬ್ಬಿಯೊಳಗೆ ಇರೋದು ಎರಡು ಬೇರೆ ಸಾಮಾನು. ಸೀರೆ ಅಂಗಡಿ ಲೆಕ್ಕದಲ್ಲೇ ಹೇಳೋದಾದ್ರೆ, ಹಾರ್ಡ್ ಡಿಸ್ಕ್ ಅಂದ್ರೆ ಗೋಡೆಗಿರೋ ಕಪಾಟು, ರ‍್ಯಾಮ್ ಅಂದ್ರೆ ಸೀರೆ ಬಿಚ್ಚಿ ತೋರಿಸೋ ಗಾದಿ. ಗಾದಿ ಸಣ್ಣದಿದ್ರೆ ಕಪಾಟು ಎಷ್ಟು ಖಾಲಿ ಇದ್ರೂ ನಾಲ್ಕು ಸೀರೆ ಮೇಲೆ ಐದನೇದು ಬಿಚ್ಚೋಕೆ ಆಗಲ್ಲ. ‘ಲೋ ಆನ್ ಮೆಮೊರಿ’ ಅಂದ್ರೆ ಗಾದಿ ಸಾಲ್ತಿಲ್ಲ. ‘ಲೋ ಡಿಸ್ಕ್ ಸ್ಪೇಸ್’ ಅಂದ್ರೆ ಕಪಾಟು ತುಂಬಿದೆ. ಫಾರ್ಮ್ಯಾಟ್ ಮಾಡಿದ್ರೆ ಗಾದಿ ಒಂದಿಂಚೂ ದೊಡ್ಡದಾಗಲ್ಲ. ನಾಲ್ಕು ದಿನ ಚುರುಕಾಗಿ ಓಡುತ್ತೆ, ಮತ್ತೆ ಅದೇ ಹಾಡು.

ಯಾವುದು ಕಡಿಮೆ ಅಂತ ನೋಡೋಕೆ ಯಾರೂ ಬೇಕಾಗಿಲ್ಲ. ‘ಮೈ ಕಂಪ್ಯೂಟರ್’ ಅಥವಾ ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗ್ರಿ. ಎಷ್ಟು ಜಿಬಿ ರ‍್ಯಾಮ್, 32 ಬಿಟ್ಟಾ 64 ಬಿಟ್ಟಾ ಅಂತ ಅಲ್ಲೇ ಇರುತ್ತೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಮೆಮೊರಿ ಅನ್ನೋ ಕಾಲಂ ಮೇಲೆ ಕ್ಲಿಕ್ ಮಾಡಿದ್ರೆ ಯಾರು ಹೆಚ್ಚು ತಿಂತಿದ್ದಾರೆ ಅಂತ ಸಾಲಾಗಿ ನಿಲ್ತಾರೆ.

ಇಳಕಲ್ ಅಂಗಡಿಯಲ್ಲಿ ಇದ್ದದ್ದು 2 ಜಿಬಿ ರ‍್ಯಾಮ್, ಅದರ ಮೇಲೆ ವಿಂಡೋಸ್ 10. ಕ್ರೋಮ್‌ನಲ್ಲಿ ಇಪ್ಪತ್ತರ ಮೇಲೆ ಟ್ಯಾಬ್ ತೆರೆದಿದ್ದವು. ಸಾಲದ್ದಕ್ಕೆ ಎರಡು ಆ್ಯಂಟಿವೈರಸ್! ಎರಡು ಇದ್ರೆ ಕಾವಲು ಹೆಚ್ಚಲ್ಲ, ಒಂದಕ್ಕೊಂದು ಅಡ್ಡ ಬಂದು ರ‍್ಯಾಮ್ ತಿಂತಾವ ಅಷ್ಟೇ. ಒಂದನ್ನ ತೆಗೆದದ್ದಾಯ್ತು. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಟ್ಯಾಬ್‌ನಲ್ಲಿ, ಆನ್ ಮಾಡಿದ ಕೂಡಲೇ ಏಳೋ ಬೇಡದ ಸಾಫ್ಟ್‌ವೇರ್‌ಗಳನ್ನ ಡಿಸೇಬಲ್ ಮಾಡಿದ್ದಾಯ್ತು. ವಿಂಡೋಸ್ 7 ಇದ್ದವರಿಗೆ ಇದೇ ಪಟ್ಟಿ ‘ಎಂಎಸ್‌ಕಾನ್ಫಿಗ್’ನಲ್ಲಿ ಸಿಗುತ್ತೆ. ‘ರ‍್ಯಾಮ್ ಬೂಸ್ಟರ್’ ಅಂತ ನೆಟ್‌ನಲ್ಲಿ ಪುಕ್ಕಟೆ ಸಿಗೋದನ್ನ ಮಾತ್ರ ಹಾಕಬೇಡ್ರಿ, ಅದೂ ರ‍್ಯಾಮ್ ತಿನ್ನೋದೇ.

ಇನ್ನು ಕಪಾಟಿನ ಮಾತು. ಗಾದಿ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನ ಡಿಸ್ಕಿನಲ್ಲೇ ‘ಪೇಜಿಂಗ್ ಫೈಲ್’ ಅನ್ನೋ ಕಡೆ ಸರಿಸಿಡುತ್ತೆ. ಸಿ ಡ್ರೈವ್ ಕೆಂಪಾಗಿದ್ರೆ ಅದಕ್ಕೂ ಜಾಗ ಇಲ್ಲ, ಹಂಗಾಗಿ ‘ಲೋ ಆನ್ ಮೆಮೊರಿ’ ಬೇಗ ಬರುತ್ತೆ. ಹುನಗುಂದದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆಗೆದ್ರೆ ವರ್ಷಗಟ್ಟಲೆಯ ಗಿರಾಕಿಗಳ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಅಲ್ಲೇ ಬಿದ್ದಿದ್ದವು. ಜಾಗದ ಮಾತು ಬಿಡ್ರಿ, ಯಾರದೋ ಆಧಾರ್ ಇನ್ಯಾರದೋ ಕೈಗೆ ಸಿಗೋ ಹಂಗಿದ್ರೆ ತಪ್ಪು ಯಾರದು? ಪ್ರಿಂಟ್ ಆದ ಕೂಡಲೇ ಅಳಿಸ್ರಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡ್ರಿ. ಸ್ವಂತ ಫೋಟೊ, ವಿಡಿಯೊಗಳನ್ನ ಡಿ ಡ್ರೈವ್‌ಗೆ ಸರಿಸಿ, ಆಮೇಲೆ ‘ಡಿಸ್ಕ್ ಕ್ಲೀನಪ್’ ಓಡಿಸಿದ್ರೆ ಒಂದಷ್ಟು ಜಾಗ ಸಿಗುತ್ತೆ.

ಇಷ್ಟಾದ್ರೂ 2 ಜಿಬಿ ಅಂದ್ರೆ 2 ಜಿಬಿನೇ. ರ‍್ಯಾಮ್ ಹಾಕಿಸೋದೇ ದಾರಿ. ಆದ್ರೆ ಕಣ್ಣು ಮುಚ್ಚಿ ತರಬೇಡ್ರಿ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಅಂತ ಬೇರೆ ಬೇರೆ, ಒಂದರ ಕಚ್ಚು ಇನ್ನೊಂದಕ್ಕೆ ಹೊಂದಲ್ಲ. ಲ್ಯಾಪ್‌ಟಾಪ್‌ನದು ಅಳತೆಯಲ್ಲೇ ಸಣ್ಣದು, ಕೆಲವಕ್ಕೆ ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ಲೇ ಬೇಕು. ಹಳೇ ರ‍್ಯಾಮ್ ಬಿಚ್ಚಿ ಜೊತೆಗೇ ಒಯ್ಯೋದು ವಾಸಿ. ಮದರ್‌ಬೋರ್ಡ್ ಗರಿಷ್ಠ ಎಷ್ಟು ಜಿಬಿ ತಗೊಳ್ಳುತ್ತೆ ಅಂತಾನೂ ಕೇಳ್ರಿ. 32 ಬಿಟ್ ವಿಂಡೋಸ್ ಇದ್ರೆ 4 ಜಿಬಿ ಹಾಕಿದ್ರೂ ಬಳಕೆಗೆ ಸಿಗೋದು ಸುಮಾರು ಮೂರು, ಮೂರೂವರೆ. ಅದಕ್ಕೆ 8 ಹಾಕಿಸೋದು ದಂಡ, ಮೊದಲು 64 ಬಿಟ್ ಆಗಬೇಕು. ಹೊಸ ರ‍್ಯಾಮ್ ರೇಟು 2025ರ ಕೊನೆಗೆ ಜಗತ್ತಿನಾದ್ಯಂತ ಏರಿತು, ಎಐ ಸರ್ವರ್‌ಗಳಿಗೇ ಮಾಲು ಹೋಗ್ತಿದೆ. ಹಳೇ ಯಂತ್ರಕ್ಕೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಸಾಕು. ಇಳಕಲ್ ಅಂಗಡಿಗೆ ಹಾಕಿದ್ದೂ ಅದೇ, 4 ಜಿಬಿದೊಂದು. ಬಿಲ್ ಈಗ ನಿಲ್ತಿಲ್ಲ.

ಇಳಕಲ್‌ನವರಿಗೆ ಇನ್ನೊಂದು ಮಾತು. ಗ್ರಾನೈಟ್ ಧೂಳು ಒಳಗೆ ಕೂತು ರ‍್ಯಾಮ್ ಸರಿಯಾಗಿ ತಾಗದೇ ಇದ್ರೆ, 4 ಜಿಬಿ ಇದ್ರೂ 2 ತೋರಿಸಬಹುದು, ಇಲ್ಲಾ ಬೀಪ್ ಅಂತ ಕೂಗಿ ಪರದೆ ಕಪ್ಪಾಗೇ ಇರುತ್ತೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಡಬ್ಬಿಯ ಕಬ್ಬಿಣ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆದು ಬಂಗಾರ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ತಿಕ್ಕಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋವರೆಗೆ ಕೂರಿಸ್ರಿ. ಬಾದಾಮಿಯಲ್ಲಿ ನಮ್ಮ ಮನೆ ಕಂಪ್ಯೂಟರ್ ಇದೊಂದರಲ್ಲೇ ಎದ್ದು ಕೂತದ್ದು.

ರ‍್ಯಾಮ್ ಸರಿ ಇದ್ದೂ ಆಮೆ ಥರ ಇದ್ರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸ್ರಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ತೀರಾ ಹಳೇ ಯಂತ್ರಕ್ಕೆ ಕೂರಲ್ಲ. ಬರೀ ಓದೋಕೆ, ವಿಡಿಯೊ ನೋಡೋಕೆ ಇರೋ ಮನೆ ಕಂಪ್ಯೂಟರ್‌ಗೆ ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕಬಹುದು. ಟ್ಯಾಲಿ, ನುಡಿ ಇದ್ದವರು ಆ ಕಡೆ ಹೋಗಬೇಡ್ರಿ, ಅವು ವಿಂಡೋಸ್‌ಗೆ ಮಾಡಿದವು.

ಬಾಗಲಕೋಟೆ ನವನಗರಕ್ಕೋ ಮತ್ತೊಂದು ಕಡೆಗೋ ರಿಪೇರಿಗೆ ಕೊಡೋರು, ಕೊಡೋ ಮುಂಚೆ ಪ್ರಾಪರ್ಟೀಸ್ ಪರದೆಯದೊಂದು ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಕೊಳ್ರಿ. ವಾಪಸ್ ತರುವಾಗ ಅಲ್ಲೇ ಆನ್ ಮಾಡಿಸಿ, ಜಿಬಿ ಲೆಕ್ಕ ಸರಿ ಇದೆಯಾ, ಟ್ಯಾಲಿ ಡೇಟಾ ತೆರೀತಾ ಅಂತ ನೋಡಿಯೇ ದುಡ್ಡು ಕೊಡ್ರಿ.