ಹುಡುಗಿ ಬಂದಳೋ, ಬಂದಿತೋ?

ಶಾಲೆಯ ಕನ್ನಡ ವ್ಯಾಕರಣವನ್ನು ಓದಿದವರಿಗೆ ‘ಸ್ತ್ರೀನಪುಂಸಕಲಿಂಗ’ದ ಪಾಠ ನೆನಪಿರಬಹುದು. ‘ಹುಡುಗಿ ಹಾಡುತ್ತಾಳೆ’ ಎಂದೂ ‘ಹುಡುಗಿ ಹಾಡುತ್ತದೆ’ ಎಂದೂ ಪ್ರಯೋಗಿಸಬಹುದೆಂದು ಅಲ್ಲಿ ಕಲಿಸಲಾಗುತ್ತದೆ. ಪಕ್ಕದ ‘ಪುನ್ನಪುಂಸಕಲಿಂಗ’ಕ್ಕೆ ಕೊಡುವ ಉದಾಹರಣೆಗಳು ಸೂರ್ಯ, ಚಂದ್ರ, ಶನಿ: ಸೂರ್ಯ ಮೂಡಿದನು, ಸೂರ್ಯ ಮೂಡಿತು. ಪುರುಷವಾಚಕವು ನಪುಂಸಕ ಪ್ರತ್ಯಯವನ್ನು ಪಡೆಯಲು ಆತ ಆಕಾಶದ ಗ್ರಹವಾಗಿರಬೇಕು. ಸ್ತ್ರೀವಾಚಕಕ್ಕೆ ಆಕೆ ಸಾಮಾನ್ಯ ಹುಡುಗಿಯಾಗಿದ್ದರೂ ಸಾಕು!

ಈ ವಿಭಾಗಕ್ರಮ ಹಳೆಯದು. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಒಂಬತ್ತು ಲಿಂಗಗಳನ್ನು ಹೇಳುತ್ತಾನೆ. ಹೆಸರುಗಳು ಸಂಸ್ಕೃತದವಾದರೂ ಅವನು ಕಂಡುಕೊಂಡ ತತ್ತ್ವ ಕನ್ನಡದ್ದೇ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದ್ದು. ಹೆಂಡತಿಯನ್ನೇ ಹೇಳುವ ದಾರ, ಭಾರ್ಯಾ, ಕಲತ್ರ ಶಬ್ದಗಳು ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳು. ಅದರಿಂದ ಯಾರಿಗೂ ಅಗೌರವವಿಲ್ಲ. ಕನ್ನಡದಲ್ಲಿ ಲಿಂಗವು ಅರ್ಥಕ್ಕೆ ಸೇರಿದ್ದು. ಸಂಸ್ಕೃತದ ಪುಲ್ಲಿಂಗ ‘ವೃಕ್ಷ’ವೂ ಸ್ತ್ರೀಲಿಂಗ ‘ಲತೆ’ಯೂ ಇಲ್ಲಿ ಸಮಾನವಾಗಿ ನಪುಂಸಕಗಳು. ಆದ್ದರಿಂದಲೇ ಕನ್ನಡದಲ್ಲಿ ಹೆಣ್ಣನ್ನು ‘ಬಂದಿತು’ ಎಂದಾಗ ಆ ಪ್ರತ್ಯಯ ಕೇವಲ ಶಬ್ದರೂಪವಾಗಿ ಉಳಿಯದೆ ವ್ಯಕ್ತಿಯನ್ನು ತಟ್ಟುತ್ತದೆ.

ಇದಕ್ಕಾಗಿ ಹಳೆಯ ವೈಯಾಕರಣರನ್ನು ದೂಷಿಸುವುದು ನ್ಯಾಯವಲ್ಲ. ಅವರು ಕಂಡ ಪ್ರಯೋಗವನ್ನು ದಾಖಲಿಸಿದರು. ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ಕುರಿತು ‘ಅದು ಬಂತು’ ಎನ್ನುವ ರೂಢಿ ಇಂದಿಗೂ ಉಂಟು. ಆಡುವವರ ಮನಸ್ಸಿನಲ್ಲಿ ತಿರಸ್ಕಾರವಿಲ್ಲ. ತೆಲುಗಿನಲ್ಲಿ ಏಕವಚನದ ಸ್ತ್ರೀಗೂ ಪ್ರಾಣಿಗೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾಪದ. ಬಹುವಚನದಲ್ಲಿ ಮಾತ್ರ ಆಕೆ ಪುರುಷರೊಡನೆ ಸೇರುತ್ತಾಳೆ. ದ್ರಾವಿಡ ಭಾಷೆಗಳ ಚರಿತ್ರೆಯನ್ನು ಅರಿಯಲು ಇವು ಅಮೂಲ್ಯ ಸಾಕ್ಷ್ಯಗಳು. ಹಾಗಾಗಿ ಆ ಪಾಠವನ್ನು ಕಿತ್ತುಹಾಕಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಭಾಷೆಯ ಚರಿತ್ರೆಯಾಗಿ ಹೇಳಬೇಕಾದುದನ್ನು ಹತ್ತು ವರ್ಷದ ಹುಡುಗಿಗೆ, ತನ್ನನ್ನೇ ಉದಾಹರಣೆಯಾಗಿಸಿ, ಸ್ವಂತ ವಾಕ್ಯದಲ್ಲಿ ಬರೆಯೆಂದು ವಿಧಿಸುವುದು ಬೇರೆಯೇ ಸಂಗತಿ.

ಸಮಾನವಾಗಿ ಮಾತನಾಡುವ ಸಾಮಗ್ರಿ ಕನ್ನಡದಲ್ಲಿ ಕಡಿಮೆಯೇನಿಲ್ಲ. ನಾನು, ನೀನು, ತಾನು ಎಂಬ ಸರ್ವನಾಮಗಳಿಗೆ ಲಿಂಗಭೇದವಿಲ್ಲ. ‘ವಿದ್ಯಾರ್ಥಿಯು ಬರೆದನು’ ಎಂಬಲ್ಲಿ ಹುಡುಗಿ ಹೊರಗುಳಿಯುತ್ತಾಳೆ. ‘ವಿದ್ಯಾರ್ಥಿಯು ಬರೆಯಲಿ’, ‘ವಿದ್ಯಾರ್ಥಿಗಳು ಬರೆದರು’ ಎಂಬಲ್ಲಿ ಇಬ್ಬರೂ ಒಳಗಿದ್ದಾರೆ. ವೃತ್ತಿವಾಚಕಗಳಲ್ಲಿ ಮಾತ್ರ ತೊಡಕು ಹೆಚ್ಚು: ಹಾಡುಗಾರನಿಂದ ಹಾಡುಗಾತಿ, ಗಾಣಿಗನಿಂದ ಗಾಣಗಿತ್ತಿ. (ಸೂಲಗಿತ್ತಿಗೆ ಮೂಲವಾಗಿ ಒಬ್ಬ ‘ಸೂಲಿಗ’ ಇರಲಿಲ್ಲ ಎಂಬುದನ್ನೂ ತರಗತಿಯಲ್ಲಿ ಹೇಳಬಹುದು.)

ಬಿಡಿಸಲಾಗದ ಗಂಟು ಉಳಿದಿರುವುದು ಪ್ರಥಮಪುರುಷ ಏಕವಚನದಲ್ಲಿ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗವನ್ನು ಮಾನ್ಯ ಮಾಡಿತು. ವ್ಯಾಕರಣದ ತೃತೀಯ ಲಿಂಗವಾದ ನಪುಂಸಕವಾದರೋ ಮರ, ಕಲ್ಲು, ಹಸುಗಳದ್ದು. ಅಂಥ ವಿದ್ಯಾರ್ಥಿಯೊಬ್ಬರನ್ನು ಅಧ್ಯಾಪಕರು ‘ಅವರು ಬಂದರು’ ಎಂದು ಗೌರವದಿಂದ ಕರೆಯಬಲ್ಲರು. ಸಹಪಾಠಿಗಳು ಸಲಿಗೆಯಿಂದ ಏಕವಚನದಲ್ಲಿ ಹೇಳಬಯಸಿದರೆ ಯಾವ ಪ್ರತ್ಯಯವನ್ನು ಬಳಸಬೇಕು ಎಂಬುದಕ್ಕೆ ಒಂಬತ್ತು ಲಿಂಗಗಳಲ್ಲಿಯೂ ಉತ್ತರ ಸಿಗುವುದಿಲ್ಲ.